ಬಿಲ್ ಯಾರ ಹೆಸರಿನಲ್ಲಿ? ಗಾಯಗೊಂಡ, ವಾರಸುದಾರರಿಲ್ಲದ ಪ್ರಾಣಿಗಳ ಚಿಕಿತ್ಸೆಗೆ ಹಣ ಹೊಂದಿಸುವ ದಾರಿಗಳ ಹೋಲಿಕೆ

ರಸ್ತೆಯಂಚಿನಲ್ಲಿ ಬಿದ್ದಿದ್ದ ಬೆಕ್ಕನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಪಶು ಆಸ್ಪತ್ರೆಗೆ ಓಡಿ ಬಂದವರಿಗೆ ಎದುರಾಗುವ ಮೊದಲ ಪ್ರಶ್ನೆ ಬೆಕ್ಕಿನ ಬಗೆಗಲ್ಲ. ಮೇಜಿನ ಆಚೆ ಕುಳಿತವರು ನೋಂದಣಿ ಚೀಟಿಯನ್ನು ಎಳೆದುಕೊಂಡು, ಪೆನ್ನಿನ ಮುಚ್ಚಳ ತೆಗೆಯುತ್ತ, "ಯಾರ ಹೆಸರಿಗೆ ಬರೆದುಕೊಳ್ಳಲಿ?" ಎಂದು ಕೇಳುತ್ತಾರೆ. ಗಾಬರಿಯಲ್ಲಿ ಬಂದವರು ತಮ್ಮ ಹೆಸರನ್ನೇ ಹೇಳಿಬಿಡುತ್ತಾರೆ. ಆ ಹೆಸರು ಚೀಟಿಯ ಮೇಲೆ ಬಿದ್ದ ಕ್ಷಣದಿಂದ ಪ್ರಾಣಿಯ ಖರ್ಚಿಗೆ ಒಬ್ಬ ಹೊಣೆಗಾರರು ಹುಟ್ಟಿಕೊಳ್ಳುತ್ತಾರೆ. ಅರಿವಳಿಕೆಗೆ, ಶಸ್ತ್ರಚಿಕಿತ್ಸೆಗೆ, ಬೇರೆ ದಾರಿಯೇ ಇಲ್ಲವೆಂದಾದರೆ ದಯಾಮರಣಕ್ಕೆ ಸಹಿ ಹಾಕಬೇಕಾದವರೂ ಸಾಮಾನ್ಯವಾಗಿ ಅವರೇ ಆಗುತ್ತಾರೆ.

ಈ ಪ್ರಶ್ನೆಗೆ ಇನ್ನೂರು ವರ್ಷಗಳ ಇತಿಹಾಸವಿದೆ. 1824ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, 1840ರಲ್ಲಿ ರಾಜಮನ್ನಣೆ ಪಡೆದು ಇಂದು ಆರ್‌ಎಸ್‌ಪಿಸಿಎ ಎಂದು ಹೆಸರಾಗಿರುವ ಪ್ರಾಣಿದಯಾ ಸಂಘದ ಮೊದಲ ಕಾರ್ಯದರ್ಶಿ, ಪಾದ್ರಿ ಆರ್ಥರ್ ಬ್ರೂಮ್, ಸಂಘದ ಸಾಲಕ್ಕೆ ತಾವೇ ಹೊಣೆಯಾಗಿದ್ದ ಕಾರಣ 1826ರಲ್ಲಿ ಸೆರೆಮನೆ ಸೇರಬೇಕಾಯಿತು. ರಿಚರ್ಡ್ ಮಾರ್ಟಿನ್, ಲೂಯಿಸ್ ಗಾಂಪರ್ಟ್ಸ್ ಮೊದಲಾದ ಸಂಗಡಿಗರು ಹಣ ಕೂಡಿಸಿ ಅವರನ್ನು ಬಿಡಿಸಿಕೊಂಡರು. ಇಂದು ಪ್ರಾಣಿರಕ್ಷಣೆಗೆ ಇಳಿದವರು ಜೈಲಿಗೆ ಹೋಗುವುದಿಲ್ಲ, ನಿಜ. ಆದರೆ ಎರಡು ಮೂರು ವರ್ಷ ದುಡಿದು, ಹೆಗಲ ಮೇಲೆ ಆಸ್ಪತ್ರೆಯ ಬಾಕಿಯನ್ನು ಹೊತ್ತುಕೊಂಡು ಸದ್ದಿಲ್ಲದೆ ಹಿಂದೆ ಸರಿದವರನ್ನು ಈ ಕೆಲಸದಲ್ಲಿರುವ ಯಾರು ಬೇಕಾದರೂ ಬೆರಳೆಣಿಸಿ ತೋರಿಸಬಲ್ಲರು.

ಆದ್ದರಿಂದ ಹಣದ ದಾರಿಗಳನ್ನು ಹೋಲಿಸುವಾಗ "ಯಾವುದರಿಂದ ಹೆಚ್ಚು ಬರುತ್ತದೆ" ಎಂಬುದನ್ನು ನಾನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಹಣ ಎಷ್ಟು ಬೇಗ ಕೈಗೆ ಸಿಗುತ್ತದೆ, ಎಷ್ಟು ಕಾಲ ಬರುತ್ತಿರುತ್ತದೆ, ಅದು ಬಾರದೆ ಹೋದರೆ ಬಾಕಿ ಯಾರ ತಲೆಗೆ ಬರುತ್ತದೆ ಎಂಬ ಮೂರನ್ನು ಮೊದಲು ನೋಡಬೇಕು.

ಖರ್ಚು ಬರುವ ಕ್ರಮ

ವಾಹನ ಬಡಿದ ನಾಯಿಯನ್ನು ತೆಗೆದುಕೊಳ್ಳೋಣ. ತೊಡೆಯ ಮೂಳೆ ಮುರಿದು ಕಾಲು ಜೋತುಬಿದ್ದಿರುವುದು ನೋಡುವವರ ಕಣ್ಣಿಗೆ ರಾಚುತ್ತದೆ, ಆದರೆ ಮೊದಲ ರಾತ್ರಿ ಅದನ್ನು ಕೊಲ್ಲಬಹುದಾದದ್ದು ಆ ಕಾಲಲ್ಲ. ಎದೆಗೂಡಿನೊಳಗೆ ತುಂಬಿಕೊಳ್ಳುವ ಗಾಳಿ, ಒಳಗೇ ಹರಿಯುವ ರಕ್ತ, ಒಡೆದ ಮೂತ್ರಕೋಶ. ಮೂತ್ರಕೋಶ ಒಡೆದದ್ದು ಒಂದೆರಡು ದಿನ ಕಳೆದ ಮೇಲೆ ಗೊತ್ತಾಗುವುದೂ ಉಂಟು. ಹಾಗಾಗಿ ವೈದ್ಯರು ಮೊದಲು ನೋವು ಇಳಿಸಿ, ಡ್ರಿಪ್ ಹಾಕಿ, ಬೇಕಾದರೆ ಆಮ್ಲಜನಕ ಕೊಟ್ಟು, ಎದೆಯ ಎಕ್ಸ್-ರೇ ತೆಗೆಸಿ, ಪ್ರಾಣಿ ಸ್ಥಿರವಾಗುವವರೆಗೆ ಕಾಯುತ್ತಾರೆ. ಮೂಳೆ ಜೋಡಿಸುವ ದೊಡ್ಡ ಶಸ್ತ್ರಚಿಕಿತ್ಸೆ ಹೆಚ್ಚಿನ ಸಂದರ್ಭಗಳಲ್ಲಿ ಕೆಲವು ದಿನಗಳ ನಂತರವೇ ನಡೆಯುತ್ತದೆ. ಮೂಳೆ ಚರ್ಮ ಸೀಳಿ ಹೊರಬಂದಿದ್ದರೆ ಗಾಯವನ್ನು ತೊಳೆದು ಶುದ್ಧಗೊಳಿಸುವ ಕೆಲಸವನ್ನಂತೂ ಮುಂದೂಡುವಂತಿಲ್ಲ. ಶಸ್ತ್ರಚಿಕಿತ್ಸೆ ಆದ ಮೇಲೆ ಆರರಿಂದ ಎಂಟು ವಾರ ಗೂಡಿನ ವಿಶ್ರಾಂತಿ (ಓಡಾಡದಂತೆ ಗೂಡಿನಲ್ಲೇ ಇಡುವುದು), ಔಷಧಿ, ಮತ್ತೆ ಎಕ್ಸ್-ರೇ, ಊಟ, ಆಮೇಲೆ ಲಸಿಕೆ, ಸಂತಾನಹರಣ ಚಿಕಿತ್ಸೆ.

ಅಂದರೆ ಖರ್ಚು ಮೂರು ಕಂತುಗಳಲ್ಲಿ ಬರುತ್ತದೆ: ಮೊದಲ ರಾತ್ರಿಯದು ಸಣ್ಣದು ಆದರೆ ತಕ್ಷಣದ್ದು, ನಾಲ್ಕಾರು ದಿನಗಳ ನಂತರದ್ದು ದೊಡ್ಡದು, ಕೊನೆಯದು ದಿನದ ಲೆಕ್ಕದಲ್ಲಿ ಚಿಲ್ಲರೆಯೆನಿಸಿದರೂ ವಾರಗಟ್ಟಲೆ ಹರಿಯುವಂಥದ್ದು. ದಾನಿಗಳ ಕಣ್ಣು ನಡುವಿನ ಕಂತಿನ ಮೇಲೆ ಇರುತ್ತದೆ. ರಕ್ಷಕರು ಸೋಲುವುದು ಮೊದಲನೆಯದರಲ್ಲಿ ಮತ್ತು ಮೂರನೆಯದರಲ್ಲಿ.

ಎಲ್ಲ ಪ್ರಾಣಿಗಳ ಖರ್ಚಿಗೂ ಇದೇ ಆಕಾರ ಇರುವುದಿಲ್ಲ. ಪಾರ್ವೋ ಎಂಬ ಮಾರಕ ವೈರಾಣು ರೋಗ ತಗುಲಿದ ನಾಯಿಮರಿಗೆ ಐದರಿಂದ ಏಳು ದಿನ, ದಿನಕ್ಕಿಷ್ಟು ಎಂದು ಸಮನಾಗಿ ಬಿಲ್ ಏರುತ್ತದೆ, ನಡುವೆ ನಿಲ್ಲಿಸಿದರೆ ಅಲ್ಲಿಯವರೆಗಿನದೆಲ್ಲ ನೀರಿಗೆ ಹಾಕಿದಂತೆ. ಹುಳು ಬಿದ್ದ ಗಾಯಕ್ಕೆ ದೊಡ್ಡ ಮೊತ್ತವೇನೂ ಬೇಡ; ಹುಳುಗಳನ್ನು ಒಂದೊಂದಾಗಿ ಚಿಮುಟದಿಂದ ತೆಗೆದು, ಮರುದಿನ, ಅದರ ಮರುದಿನ, ಹೊಸ ಮಾಂಸ ಕೆಂಪಗೆ ತುಂಬಿಕೊಳ್ಳುವವರೆಗೆ ಡ್ರೆಸ್ಸಿಂಗ್ ಮಾಡುವ ಕೈಗಳು ಬೇಕು. ಇದು ಗೊತ್ತಿಲ್ಲದೆ ಒಂದೇ ದಾರಿಯನ್ನು ಎಲ್ಲದಕ್ಕೂ ಹಿಡಿದವರಿಗೆ ಎಲ್ಲೋ ಒಂದು ಕಡೆ ಹಣ ಮಿಕ್ಕುತ್ತದೆ, ಇನ್ನೊಂದು ಕಡೆ ಪ್ರಾಣಿ ಸಾಯುತ್ತದೆ.

ಸ್ವಂತ ಜೇಬು

ಎಲ್ಲಕ್ಕಿಂತ ಬೇಗ ಸಿಗುವುದು ಇದೇ, ಎಲ್ಲಕ್ಕಿಂತ ಬೇಗ ಬತ್ತುವುದೂ ಇದೇ. ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿ ಆಮೇಲೆ ದೇಣಿಗೆ ಎತ್ತಿ ತೀರಿಸೋಣ ಎಂದುಕೊಳ್ಳುವವರಿಗೆ ನನ್ನದೊಂದು ಕಟ್ಟುನಿಟ್ಟಿನ ಸಲಹೆ: ದೇಣಿಗೆ ಒಂದು ಪೈಸೆಯೂ ಬರದಿದ್ದರೆ ನೀವೇ ತೀರಿಸಬಲ್ಲ ಮೊತ್ತವನ್ನು ಮಾತ್ರ ಕಟ್ಟಿರಿ, ಅದನ್ನೂ ಆಸ್ಪತ್ರೆಗೆ ಹೋಗುವ ಮುನ್ನವೇ ನಿಶ್ಚಯಿಸಿಕೊಂಡಿರಿ. ಪ್ರಾಣಿಯ ಕಣ್ಣುಗಳನ್ನು ನೋಡುತ್ತ ನಿಂತವರಿಗೆ ಮಿತಿ ಹಾಕಿಕೊಳ್ಳಲು ಬರುವುದಿಲ್ಲ. ಪ್ರಾಣಿರಕ್ಷಣೆಯ ಗುಂಪೊಂದರ ಪರವಾಗಿ ಕೊಟ್ಟ ಹಣವಾದರೆ ಅದೇ ದಿನ ಲೆಕ್ಕದ ಪುಸ್ತಕದಲ್ಲಿ "ಕೈಗಡ" ಎಂದು ಬರೆಸಬೇಕು. ಬರೆಯದೆ ಬಿಟ್ಟದ್ದು ದಾನವಾಗಿಬಿಡುತ್ತದೆ, ಮನಸ್ಸಿನಲ್ಲಿ ಮಾತ್ರ ಸಾಲವಾಗಿಯೇ ಉಳಿಯುತ್ತದೆ.

ಕ್ರೌಡ್‌ಫಂಡಿಂಗ್: ಒಂದು ಪ್ರಾಣಿ, ಒಂದು ಮನವಿ

ಅಂತರ್ಜಾಲದ ವೇದಿಕೆಯೊಂದರಲ್ಲಿ ಮನವಿ ಹಾಕಿ ಹಲವರಿಂದ ಸಣ್ಣ ಸಣ್ಣ ಮೊತ್ತ ಕೂಡಿಸುವ ದಾರಿ ಇದು. ಈಗ ಎಲ್ಲರ ಕೈ ಮೊದಲು ಹೋಗುವುದು ಇದರತ್ತ, ಅದಕ್ಕೆ ಕಾರಣವೂ ಇದೆ. ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ 1968ರಲ್ಲೇ ಗುರುತಿಸಿದಂತೆ, ಹೆಸರು ಮುಖಗಳಿರುವ ಒಂದು ಜೀವಕ್ಕೆ ಮಿಡಿಯುವ ಮನಸ್ಸು ಅಂಕಿಅಂಶಗಳಲ್ಲಿ ಅಡಗಿದ ನೂರು ಜೀವಗಳಿಗೆ ಮಿಡಿಯುವುದಿಲ್ಲ. ಡೆಬೊರಾ ಸ್ಮಾಲ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲೂ ಜನರು ಹೆಸರು ಹೇಳಿದ ಒಬ್ಬ ಮಗುವಿಗೆ ಕೊಟ್ಟಷ್ಟು ಹಣವನ್ನು ಲಕ್ಷಾಂತರ ಜನರ ಹಸಿವಿನ ಅಂಕಿಗಳಿಗೆ ಕೊಡಲಿಲ್ಲ. ಬ್ಯಾಂಡೇಜು ಸುತ್ತಿದ ನಾಯಿಯ ಒಂದು ಚಿತ್ರ ಮಾಡುವ ಕೆಲಸವನ್ನು ಸಂಸ್ಥೆಯ ವಾರ್ಷಿಕ ವರದಿ ಮಾಡಲಾರದು.

ಆದರೆ ಈ ಶಕ್ತಿಯೇ ಅದರ ದೋಷವೂ ಹೌದು. ಹಣ ಗಾಯದ ಗಂಭೀರತೆಯನ್ನು ನೋಡಿ ಬರುವುದಿಲ್ಲ, ಮುಖವನ್ನು ನೋಡಿ ಬರುತ್ತದೆ. ಮುದಿ, ಕಪ್ಪು, ತುರಿಕಜ್ಜಿ ಹಿಡಿದ ಹೆಣ್ಣು ನಾಯಿಯ ಮನವಿ ಮೂರು ದಿನವಾದರೂ ಅಲ್ಲೇ ಇರುವಾಗ, ಕಾಲುಳುಕಿದ ಬಿಳಿ ಮರಿಗೆ ಬೇಕಾದದ್ದಕ್ಕಿಂತ ಎರಡು ಪಟ್ಟು ಸೇರಿರುತ್ತದೆ. ಜೊತೆಗೆ ಹಣ ಸೇರಿದ್ದು ಪರದೆಯ ಮೇಲೆ ಕಂಡರೂ, ಗುರುತಿನ ಪರಿಶೀಲನೆ, ಬ್ಯಾಂಕ್ ಖಾತೆಯ ದೃಢೀಕರಣ ಮುಗಿದು ಕೈಗೆ ಸಿಗಲು ದಿನಗಳು ಹಿಡಿಯುತ್ತವೆ. ವೇದಿಕೆಯ ಶುಲ್ಕ, ಪಾವತಿ ಶುಲ್ಕಗಳು ಅದರಲ್ಲೇ ಕಳೆಯುತ್ತವೆ. ಗುರಿ ಮುಟ್ಟದಿದ್ದರೆ ಏನೂ ಸಿಗದ ಮಾದರಿಯ ವೇದಿಕೆಗಳು ಚಿಕಿತ್ಸೆಯ ಹಣಕ್ಕೆ ಹೇಳಿ ಮಾಡಿಸಿದವಲ್ಲ, ಏಕೆಂದರೆ ಅರ್ಧ ಹಣ ಬಂದರೂ ಅದಕ್ಕೆ ಮಾಡಬೇಕಾದ ಕೆಲಸ ಇದ್ದೇ ಇರುತ್ತದೆ. ಆಸ್ಪತ್ರೆಗೇ ನೇರವಾಗಿ ಹಣ ಪಾವತಿಸುವ ವೇದಿಕೆ ಸಿಕ್ಕರೆ ಶುಲ್ಕ ಸ್ವಲ್ಪ ಹೆಚ್ಚಿದ್ದರೂ ನಾನು ಅದನ್ನೇ ಆರಿಸುತ್ತೇನೆ. ಮನವಿ ಬರೆದವರ ಸ್ವಂತ ಖಾತೆಗೆ ಹಣ ಬೀಳದಿದ್ದರೆ ಅರ್ಧದಷ್ಟು ಅನುಮಾನಗಳು ಹುಟ್ಟುವುದೇ ಇಲ್ಲ.

ಇಲ್ಲೊಂದು ನನ್ನ ಸ್ವಂತ ತಪ್ಪು. ಸೊಂಟದ ಮೂಳೆ ಮುರಿದಿದ್ದ ಬೆಕ್ಕೊಂದಕ್ಕೆ ವೈದ್ಯರು ಅಂದಾಜು ಬರೆದುಕೊಡುವ ಮೊದಲೇ, ಶಸ್ತ್ರಚಿಕಿತ್ಸೆ ಆಗಲೇಬೇಕು ಎಂದು ನಾನೇ ತೀರ್ಮಾನಿಸಿ ಮನವಿ ಬರೆದೆ. ಹಣ ಎರಡು ದಿನಗಳಲ್ಲಿ ಬಂತು. ಎಕ್ಸ್-ರೇ ನೋಡಿದ ವೈದ್ಯರು, ಬೆಕ್ಕುಗಳಲ್ಲಿ ಇಂಥ ಮುರಿತಗಳು ಬಹಳಷ್ಟು ಸಲ ನಾಲ್ಕರಿಂದ ಆರು ವಾರಗಳ ಗೂಡಿನ ವಿಶ್ರಾಂತಿಯಲ್ಲೇ ಕೂಡಿಕೊಳ್ಳುತ್ತವೆ, ಕತ್ತರಿ ಹಾಕುವುದು ಬೇಡ ಎಂದರು. ಬೆಕ್ಕು ಚೇತರಿಸಿಕೊಂಡಿತು, ಆದರೆ "ಆಪರೇಷನ್ ಎಂದು ಹೇಳಿ ಹಣ ತೆಗೆದುಕೊಂಡಿರಿ" ಎಂದವರಿಗೆ ಉತ್ತರ ಬರೆಯುವುದರಲ್ಲೇ ನನ್ನ ಆ ಆರು ವಾರಗಳು ಕಳೆದವು. ಅಂದಿನಿಂದ ಮೂರು ಸಂಗತಿಗಳಿಲ್ಲದೆ ನಾನು ಮನವಿ ಹೊರಡಿಸುವುದಿಲ್ಲ: ಕನಿಷ್ಠ ಮತ್ತು ಗರಿಷ್ಠ ಮೊತ್ತಗಳೆರಡೂ ಇರುವ ಲಿಖಿತ ಅಂದಾಜು, ನಂತರದ ವಾರಗಳ ಆರೈಕೆಯ ಖರ್ಚನ್ನೂ ಸೇರಿಸಿದ ಗುರಿ, ಮತ್ತು "ಹಣ ಉಳಿದರೆ ಅಥವಾ ಪ್ರಾಣಿ ಉಳಿಯದಿದ್ದರೆ ಈ ಮೊತ್ತ ಮುಂದಿನ ಪ್ರಾಣಿಯ ಚಿಕಿತ್ಸೆಗೆ ಹೋಗುತ್ತದೆ" ಎಂಬ ಒಂದು ಸ್ಪಷ್ಟ ವಾಕ್ಯ. ಆ ವಾಕ್ಯವನ್ನು ಹಣ ಬರುವ ಮುನ್ನ ಬರೆದರೆ ಅದು ಷರತ್ತು, ಬಂದ ಮೇಲೆ ಬರೆದರೆ ಸಬೂಬು.

ತುರ್ತು ನಿಧಿ

ಮೊದಲ ರಾತ್ರಿಯ ಕಂತಿಗೆ ನನ್ನ ಆಯ್ಕೆ ಇದೊಂದೇ. ಗುಂಪಿನಲ್ಲಿ ಐದೇ ಜನರಿರಲಿ, ನಿಮ್ಮ ಹಿಂದಿನ ಬಿಲ್‌ಗಳನ್ನು ಮುಂದಿಟ್ಟುಕೊಂಡು ಮೊದಲ ದಿನದ ಸರಾಸರಿ ಖರ್ಚು ಎಷ್ಟು ಎಂದು ನೋಡಿ, ಅದರ ಮೂರು ಪಟ್ಟನ್ನು ಬೇರೆ ಖಾತೆಯಲ್ಲಿ ಇಟ್ಟರೆ ಕೆಲಸ ಶುರುವಾದಂತೆ. ನಿಧಿಯನ್ನು ಕಟ್ಟುವುದಕ್ಕಿಂತ ಕಷ್ಟವಾದದ್ದು ಅದನ್ನು ಒಂದೇ ಪ್ರಾಣಿ ನುಂಗದಂತೆ ಕಾಯುವುದು. ಅದಕ್ಕಾಗಿ ಒಂದು ಪ್ರಾಣಿಗೆ ಇಷ್ಟೇ ಎಂಬ ಮಿತಿ ಇರಬೇಕು, ಮಿತಿ ಮೀರುವುದಾದರೆ ಇಬ್ಬರ ಒಪ್ಪಿಗೆ ಬೇಕು, ಆ ಇಬ್ಬರಲ್ಲಿ ಒಬ್ಬರಾದರೂ ಆ ಪ್ರಾಣಿಯನ್ನು ಎತ್ತಿಕೊಂಡು ಬಂದವರಾಗಿರಬಾರದು. ನಿಧಿಯಿಂದ ತೆಗೆದ ಹಣವನ್ನು ಆ ಪ್ರಾಣಿಯ ಮನವಿಯಿಂದ ಮತ್ತೆ ತುಂಬಬೇಕು. ಹೀಗೆ ಮಾಡಿದರೆ ಕ್ರೌಡ್‌ಫಂಡಿಂಗ್‌ನ ನಿಧಾನ ಚಿಕಿತ್ಸೆಯ ನಿಧಾನವಾಗುವುದಿಲ್ಲ.

ಇದರ ಕೊರತೆ ಏನೆಂದರೆ ಸುಮ್ಮನೆ ಖಾತೆಯಲ್ಲಿ ಕುಳಿತ ಹಣಕ್ಕೆ ಮುಖವಿಲ್ಲ, ಮುಖವಿಲ್ಲದ್ದಕ್ಕೆ ದಾನಿಗಳು ಸುಲಭವಾಗಿ ಕೊಡುವುದಿಲ್ಲ. ಕಳೆದ ತಿಂಗಳು ಮೊದಲ ಗಂಟೆಯ ಹಣದಿಂದ ಯಾವ ಯಾವ ಪ್ರಾಣಿಗಳಿಗೆ ಏನೇನು ಆಯಿತು ಎಂಬ ನಾಲ್ಕು ಸಾಲು, ಬಿಲ್‌ನ ಪ್ರತಿಯೊಡನೆ, ತಪ್ಪದೆ ಕಳಿಸಿದರೆ ಆ ಕೊರತೆ ಸಾಕಷ್ಟು ನೀಗುತ್ತದೆ. ಸತ್ತವುಗಳ ಸಾಲನ್ನೂ ಬಿಡಬಾರದು.

ಆಸ್ಪತ್ರೆಯೊಡನೆ ಒಪ್ಪಂದ

ರಕ್ಷಕರು ಆಸ್ಪತ್ರೆಯಲ್ಲಿ ಕೇಳುವುದು ರಿಯಾಯಿತಿಯನ್ನು. ಕೇಳಬೇಕಾದದ್ದು ಖಾತೆಯನ್ನು. ಅಂದರೆ ಗುಂಪಿನ ಹೆಸರಿನಲ್ಲಿ ಒಂದು ಲೆಕ್ಕ, ಅದಕ್ಕೊಂದು ಗರಿಷ್ಠ ಬಾಕಿ, ತಿಂಗಳಿಗೊಮ್ಮೆ ತೀರುವಳಿ, ದಾನಿಗಳು ನೇರವಾಗಿ ಆ ಲೆಕ್ಕಕ್ಕೆ ಹಣ ಕಟ್ಟುವ ಅವಕಾಶ, ಮತ್ತು ಅಂದಾಜಿನ ಮುಕ್ಕಾಲು ಭಾಗ ಮುಟ್ಟಿದಾಗ ಫೋನ್ ಮಾಡಬೇಕೆಂಬ ಮಾತು. ರಿಯಾಯಿತಿ ಎಷ್ಟು ಉದಾರವಾಗಿದ್ದರೂ ಅದಕ್ಕೊಂದು ತಳ ಇದೆ. ಔಷಧಿ, ಹೊಲಿಗೆ ದಾರ, ರಾತ್ರಿ ಪಾಳಿಯ ಸಹಾಯಕರ ಸಂಬಳ ಇವು ಬೀದಿ ನಾಯಿಗೆಂದು ಅಗ್ಗವಾಗುವುದಿಲ್ಲ. ಖಾತೆಯಾದರೋ ಸಮಯವನ್ನು ಕೊಡುತ್ತದೆ, ಮತ್ತು ಮೂರು ಕಂತುಗಳ ಲೆಕ್ಕದಲ್ಲಿ ಸಮಯವೇ ಹೆಚ್ಚು ಬೆಲೆಯುಳ್ಳದ್ದು.

ಅಪಾಯವೂ ಇಲ್ಲದಿಲ್ಲ. ಬಾಕಿ ಎರಡು ತಿಂಗಳು, ಮೂರು ತಿಂಗಳು ಎಂದು ಬೆಳೆದ ಮೇಲೆ ಆಸ್ಪತ್ರೆಯವರು ಬಾಯಿಬಿಟ್ಟು ಏನೂ ಹೇಳದಿರಬಹುದು, ಆದರೆ ಮುಂದೊಂದು ರಾತ್ರಿ ನೀವು ಫೋನ್ ಮಾಡಿದಾಗ "ಜಾಗವಿಲ್ಲ" ಎಂಬ ಉತ್ತರ ಬರುತ್ತದೆ. ಹಿಂದಿನ ನಾಯಿಯ ಬಾಕಿಯ ದಂಡವನ್ನು ಮುಂದಿನ ನಾಯಿ ತೆರುತ್ತದೆ.

ಧರ್ಮಾರ್ಥ ಆಸ್ಪತ್ರೆಗಳು, ಪಶುವೈದ್ಯ ಕಾಲೇಜುಗಳು

ಮರಿಯಾ ಡಿಕಿನ್ 1917ರಲ್ಲಿ ಲಂಡನ್ನಿನ ವೈಟ್‌ಚಾಪೆಲ್‌ನ ನೆಲಮಾಳಿಗೆಯೊಂದರಲ್ಲಿ ಬಡವರ ಪ್ರಾಣಿಗಳಿಗೆಂದು ಉಚಿತ ಚಿಕಿತ್ಸಾಲಯ ತೆರೆದರು. ಅದೇ ಮುಂದೆ ಪಿಡಿಎಸ್‌ಎ ಎಂಬ ದೊಡ್ಡ ಸಂಸ್ಥೆಯಾಯಿತು. ಇಂಥ ಕಡೆಗೆ ಹೋಗುವ ಮುನ್ನ ತಿಳಿದಿರಬೇಕಾದ ಸಂಗತಿ ಆ ಮೂಲ ಉದ್ದೇಶದಲ್ಲೇ ಇದೆ: ಹಲವು ಧರ್ಮಾರ್ಥ ಆಸ್ಪತ್ರೆಗಳು ಬಡ ಮಾಲೀಕರಿರುವ ಪ್ರಾಣಿಗಳಿಗಾಗಿ ಇವೆ, ಮಾಲೀಕರೇ ಇಲ್ಲದವುಗಳಿಗೆ ನಿಯಮ ಬೇರೆ ಇರುತ್ತದೆ. ಪಶುವೈದ್ಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಕ್ಲಿಷ್ಟ ಮುರಿತ, ನರದ ತೊಂದರೆಗಳನ್ನು ನೋಡುವ ಪರಿಣತರಿರುತ್ತಾರೆ, ಆದರೆ ಸರದಿ ಉದ್ದ, ರಾತ್ರಿಯ ಸೇವೆ ಎಲ್ಲೆಡೆ ಇಲ್ಲ. ನಡುವಿನ ಕಂತನ್ನು, ಅಂದರೆ ಕಾಯಬಹುದಾದ ದೊಡ್ಡ ಶಸ್ತ್ರಚಿಕಿತ್ಸೆಯನ್ನು, ಇಲ್ಲಿ ಮಾಡಿಸುವುದು ಜಾಣತನ. ಯಾವ ದಿನ ಯಾವ ವಿಭಾಗ, ಒಳರೋಗಿಯಾಗಿ ಇಟ್ಟುಕೊಳ್ಳುತ್ತಾರೋ ಇಲ್ಲವೋ ಎಂಬುದನ್ನು ಪ್ರಾಣಿ ಕೈಯಲ್ಲಿಲ್ಲದ ದಿನ ವಿಚಾರಿಸಿ ಬರೆದಿಟ್ಟುಕೊಳ್ಳಬೇಕು.

ತಿಂಗಳ ದೇಣಿಗೆ ಮತ್ತು ಪೋಷಕತ್ವ

ಬೆನ್ನುಹುರಿಗೆ ಪೆಟ್ಟಾಗಿ ಹಿಂಗಾಲುಗಳ ಸ್ವಾಧೀನ ಹೋದ ನಾಯಿಯನ್ನು ನೋಡಿಕೊಳ್ಳುವವರ ಒಂದು ದಿನವನ್ನು ಕಂಡವರಿಗೆ ಮೂರನೆಯ ಕಂತು ಎಂದರೇನು ಎಂಬುದನ್ನು ವಿವರಿಸಬೇಕಿಲ್ಲ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಹೊಟ್ಟೆಯನ್ನು ಎರಡೂ ಕೈಗಳಿಂದ ಮೆಲ್ಲನೆ ಒತ್ತಿ ಮೂತ್ರ ಹೊರಡಿಸಬೇಕು, ಒರೆಸಿ ಒಣಗಿಸಬೇಕು, ಮಗ್ಗುಲು ಬದಲಿಸಬೇಕು, ನೆಲಕ್ಕೆ ಉಜ್ಜಿದ ಚರ್ಮ ಹುಣ್ಣಾಗದಂತೆ ನೋಡಬೇಕು, ಮೂತ್ರದ ಸೋಂಕಿಗೆ ಆಗಾಗ ಪರೀಕ್ಷೆ ಮಾಡಿಸಬೇಕು. ಇದಕ್ಕೆ ಒಂದು ಸಲ ಬಂದ ದೊಡ್ಡ ದೇಣಿಗೆಗಿಂತ ತಿಂಗಳು ತಿಂಗಳು ಬರುವ ಸಣ್ಣ ಮೊತ್ತ ಎಷ್ಟೋ ಮೇಲು.

ಬೆಕ್ಕುಗಳ ಎಫ್‌ಐಪಿ ಕಾಯಿಲೆ, ಅಂದರೆ ಕೊರೊನಾ ಜಾತಿಯ ವೈರಾಣುವಿನಿಂದ ಬರುವ ಮಾರಕ ರೋಗ, ಇನ್ನೊಂದು ಉದಾಹರಣೆ. ಜಿಎಸ್-441524 ಎಂಬ ಔಷಧಿ ಬರುವ ಮೊದಲು ಇದು ಮರಣದ ತೀರ್ಪೇ ಆಗಿತ್ತು. ರೂಢಿಯಲ್ಲಿರುವ ಚಿಕಿತ್ಸಾಕ್ರಮ 84 ದಿನಗಳದ್ದು, ಪ್ರಮಾಣ ತೂಕದ ಮೇಲೆ ನಿರ್ಧಾರವಾಗುತ್ತದೆ. ಹಾಗಾಗಿ ಮರಿ ಚೇತರಿಸಿಕೊಂಡು ಮೈ ತುಂಬಿಕೊಂಡಷ್ಟೂ ಔಷಧಿ ಹೆಚ್ಚು ಬೇಕು, ಖರ್ಚು ಏರುತ್ತದೆ, ಅದೇ ಹೊತ್ತಿಗೆ ಆರೋಗ್ಯವಾಗಿ ಕಾಣುವ ಮರಿಯ ಬಗ್ಗೆ ದಾನಿಗಳ ಕಳವಳ ಇಳಿಯುತ್ತದೆ. ಮೊದಲ ವಾರದ ತೂಕದಿಂದ ಗುಣಿಸಿ ಗುರಿ ಇಟ್ಟವರು ಎರಡನೆಯ ತಿಂಗಳಲ್ಲಿ ಸಿಕ್ಕಿಬೀಳುತ್ತಾರೆ.

ಮುಂಚಿತವಾಗಿ ದಿನ ಗೊತ್ತಿರುವ ಖರ್ಚುಗಳನ್ನು ಪೋಷಕರಿಗೆ, ಅಂದರೆ ಒಂದು ಪ್ರಾಣಿಯ ಖರ್ಚನ್ನು ವಹಿಸಿಕೊಳ್ಳುವ ದಾನಿಗಳಿಗೆ, ಹಂಚುವುದು ಒಳ್ಳೆಯದು. ನಾಯಿಗಳ ಹೃದಯಹುಳುವಿನ ಚಿಕಿತ್ಸೆಗೆ ಅಮೆರಿಕದ ಹಾರ್ಟ್‌ವರ್ಮ್ ಸೊಸೈಟಿ ಸೂಚಿಸುವ ಕ್ರಮದಲ್ಲಿ ಮುಖ್ಯ ಚುಚ್ಚುಮದ್ದುಗಳು 60, 90 ಮತ್ತು 91ನೆಯ ದಿನಗಳಂದು ಬರುತ್ತವೆ. ಒಬ್ಬೊಬ್ಬರು ಒಂದೊಂದನ್ನು ವಹಿಸಿಕೊಳ್ಳಬಹುದು. ಪೋಷಕತ್ವದ ತೊಡಕು ಭಾವನಾತ್ಮಕವಾದದ್ದು: ಆ ಪ್ರಾಣಿ ಸತ್ತರೆ ಅಥವಾ ಮನೆ ಸೇರಿದರೆ ದೇಣಿಗೆಯೂ ನಿಲ್ಲುತ್ತದೆ. ತಿಂಗಳ ದೇಣಿಗೆಯನ್ನು ಪ್ರಾಣಿಯ ಹೆಸರಿಗೆ ಕಟ್ಟದೆ ಆರೈಕೆಯ ಹೆಸರಿಗೆ ಕಟ್ಟಿದರೆ ಅದು ಹೆಚ್ಚು ಬಾಳುತ್ತದೆ.

ಅನುದಾನ, ವಿಮೆ

ಅನುದಾನಗಳನ್ನು ತುರ್ತಿಗೆ ನಂಬಿಕೊಳ್ಳಬಾರದು. ಅರ್ಜಿ, ಪರಿಶೀಲನೆ, ಮಂಜೂರಾತಿಗೆ ತಿಂಗಳುಗಳು ಬೇಕು, ಆಗಿಹೋದ ಬಿಲ್‌ಗಳಿಗೆ ಬಹಳಷ್ಟು ಸಂಸ್ಥೆಗಳು ಕೊಡುವುದೂ ಇಲ್ಲ. ಸಂತಾನಹರಣ ಶಿಬಿರ, ಲಸಿಕೆ, ಎಕ್ಸ್-ರೇ ಯಂತ್ರ ಇಂಥವಕ್ಕೆ ಅವು ತಕ್ಕವು. ವಿಮೆ ಗಾಯಗೊಂಡು ಸಿಕ್ಕ ಪ್ರಾಣಿಗೆ ಉಪಯೋಗವಿಲ್ಲ. ಪಾಲಿಸಿಗೆ ಮುಂಚಿನ ಗಾಯ, ಕಾಯಿಲೆಗಳನ್ನು ವಿಮಾ ಕಂಪನಿಗಳು ಸಾಮಾನ್ಯವಾಗಿ ಹೊರಗಿಡುತ್ತವೆ. ದತ್ತು ಹೋದ ದಿನದಿಂದ ಹೊಸ ಮಾಲೀಕರು ಅದನ್ನು ಮಾಡಿಸಿದರೆ ಪ್ರಾಣಿ ಮತ್ತೆ ಬೀದಿಗೆ ಬೀಳುವ ಒಂದು ಕಾರಣವಾದರೂ ಕಡಿಮೆಯಾಗುತ್ತದೆ.

ಚಿಕಿತ್ಸೆಯ ಆಯ್ಕೆಯೂ ಹಣದ ಆಯ್ಕೆಯೇ

ಒಂದೇ ಮುರಿದ ಕಾಲಿಗೆ ಎರಡು ದಾರಿಗಳಿರಬಹುದು. ಪ್ಲೇಟು, ಸ್ಕ್ರೂ ಹಾಕಿ ಜೋಡಿಸಿದರೆ ಕಾಲು ಉಳಿಯುತ್ತದೆ, ಆದರೆ ವಾರಗಟ್ಟಲೆ ಕಟ್ಟುನಿಟ್ಟಿನ ವಿಶ್ರಾಂತಿ, ಮರು ಎಕ್ಸ್-ರೇ, ಪ್ಲೇಟು ಸಡಿಲವಾದರೆ ಮತ್ತೊಂದು ಶಸ್ತ್ರಚಿಕಿತ್ಸೆ. ಕಾಲನ್ನು ತೆಗೆದರೆ ಹತ್ತರಿಂದ ಹದಿನಾಲ್ಕು ದಿನಗಳಲ್ಲಿ ಹೊಲಿಗೆ ಬಿಚ್ಚುತ್ತಾರೆ, ಮೂರು ಕಾಲಿನಲ್ಲಿ ಬಹುಪಾಲು ನಾಯಿ ಬೆಕ್ಕುಗಳು ನಮ್ಮ ಕಲ್ಪನೆಗಿಂತ ಚೆನ್ನಾಗಿ ಓಡಾಡುತ್ತವೆ. ಆರು ವಾರ ಗೂಡಿನಲ್ಲಿಟ್ಟು ನೋಡಿಕೊಳ್ಳುವ ಮನೆಯೇ ಇಲ್ಲದಿದ್ದಾಗ ಪ್ಲೇಟಿಗೆಂದು ಹಣ ಎತ್ತುವುದು ಪ್ರಾಣಿಗೆ ಮಾಡುವ ಉಪಕಾರವಲ್ಲ. ಈ ಮಾತನ್ನು ವೈದ್ಯರೊಡನೆ ಮುಚ್ಚುಮರೆಯಿಲ್ಲದೆ ಆಡಬೇಕು: "ನಮ್ಮಲ್ಲಿ ಇಷ್ಟು ಹಣವಿದೆ, ಇಷ್ಟು ವಾರಗಳ ಜಾಗವಿದೆ, ಇದರೊಳಗೆ ಅತ್ಯುತ್ತಮವಾದದ್ದು ಯಾವುದು?" ಎಂದು ಕೇಳಿದರೆ ಯಾವ ವೈದ್ಯರೂ ಕೀಳಾಗಿ ಕಾಣುವುದಿಲ್ಲ. ನರಳಾಟವೇ ಉಳಿದಿದ್ದಾಗ ದಯಾಮರಣದ ಖರ್ಚನ್ನೂ ನಿಧಿ ಭರಿಸಬೇಕು, ನಿಧಿಯ ನಿಯಮಗಳಲ್ಲಿ ಅದನ್ನು ಮೊದಲೇ ಬರೆದಿರಬೇಕು. ಇಲ್ಲವಾದರೆ ಅದರ ಬಿಲ್ಲನ್ನು ಯಾರೋ ಒಬ್ಬರು ಅಳುತ್ತ ತಮ್ಮ ಜೇಬಿನಿಂದಲೇ ಕಟ್ಟುತ್ತಾರೆ.

ಇವೆಲ್ಲ ಹೊಂದಿಕೆಯಾದ ಮೇಲೆ ಆ ನೋಂದಣಿ ಚೀಟಿಗೆ ಮರಳಬಹುದು. ಹೆಸರಿನ ಜಾಗದಲ್ಲಿ ಗುಂಪಿನ ಹೆಸರು, ಅದರ ಕೆಳಗೆ ರಾತ್ರಿಯಲ್ಲೂ ನಿರ್ಧಾರ ಹೇಳಬಲ್ಲ ಇಬ್ಬರ ದೂರವಾಣಿ ಸಂಖ್ಯೆಗಳು, ಪಕ್ಕದಲ್ಲಿ ಮೊದಲ ದಿನದ ಮಿತಿಯ ಮೊತ್ತ. ಪ್ರಾಣಿಯನ್ನು ಎತ್ತಿಕೊಂಡು ಬಂದವರ ಹೆಸರನ್ನು "ತಂದವರು" ಎಂಬ ಸಾಲಿನಲ್ಲಿ ಬರೆಸಿದರೆ ಸಾಕು.